ಕೈಬರಹ ಶೈಲಿಯ ಕನ್ನಡ ಅಚ್ಚಕ್ಷರ: ರಚನೆ ಮತ್ತು ಬಳಕೆ

ಲೇಖನಿ, ಕುಂಚ ಅಥವಾ ಬಳಪ ಹಿಡಿದ ಕೈಯ ಓಟ, ಬಾಗು, ಒತ್ತಡಗಳನ್ನು ಉಳಿಸಿಕೊಂಡು, ಯಾರು ಬೇಕಾದರೂ ಮತ್ತೆ ಮತ್ತೆ ಬಳಸಬಹುದಾದಂತೆ ಹೊಂದಿಸಿಟ್ಟ ಅಕ್ಷರಮಾಲೆಗೆ ಕೈಬರಹ ಶೈಲಿಯ ಅಚ್ಚಕ್ಷರ ಎಂದು ಹೆಸರು. ಇಂದು ಇದು ಬಹುಪಾಲು ಕಂಪ್ಯೂಟರ್ ಫಾಂಟಿನ ರೂಪದಲ್ಲಿ ಸಿಗುತ್ತದೆ. ಕಲಾವಿದರು ಒಂದು ಪುಸ್ತಕಕ್ಕೋ ಸಿನಿಮಾಕ್ಕೋ ಬರೆದುಕೊಡುವ ಶೀರ್ಷಿಕೆ ಇದಕ್ಕೆ ಹತ್ತಿರದ್ದಾದರೂ ಬೇರೆಯದೇ ಕೆಲಸ. ಶೀರ್ಷಿಕೆ ಬರೆಯುವವರಿಗೆ ಆ ನಾಲ್ಕಾರು ಅಕ್ಷರಗಳು ಒಂದಕ್ಕೊಂದು ಹೊಂದಿದರೆ ಸಾಕು. ಅಚ್ಚಕ್ಷರ ರಚಿಸುವವರು ಮಾತ್ರ, ತಾವೆಂದೂ ನೋಡದ ಪದವೊಂದನ್ನು ತಾವೆಂದೂ ಕಾಣದ ಊರಿನಲ್ಲಿ ಯಾರೋ ಬೆರಳಚ್ಚಿಸಿದಾಗಲೂ ಅಕ್ಷರಗಳು ಹೊಂದಿಕೊಳ್ಳುವಂತೆ ಮುಂಚೆಯೇ ಯೋಚಿಸಿರಬೇಕು. ಕನ್ನಡದ ಮಟ್ಟಿಗೆ ಈ ಮುಂದಾಲೋಚನೆಯ ಬಹುಭಾಗ ಒತ್ತಕ್ಷರಗಳಿಗೇ ಮೀಸಲು. ಕನ್ನಡದ ಕೈಬರಹ ಫಾಂಟೊಂದರ ಗುಣವನ್ನು ಅದರ ಸಾಲಿನ ಕೆಳಭಾಗ ನೋಡಿ ಅಳೆಯಬೇಕೇ ಹೊರತು ಬಳುಕು ಬಾಲಗಳನ್ನು ನೋಡಿ ಅಲ್ಲ.

ಈ ಗುಣ ಬಳಕೆಯಲ್ಲಿ ಪರೀಕ್ಷೆಗೆ ಒಳಗಾಗುವ ಬಗೆಯನ್ನು ನೋಡಲು ಒಂದು ಊರನ್ನು ಮಾದರಿಯಾಗಿ ತೆಗೆದುಕೊಳ್ಳೋಣ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬೆಳವಂಗಲ ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದರ ಕೇಂದ್ರ. ಫಾಂಟು ತಯಾರಾಗುವ ಕೆಲಸ ಬೆಂಗಳೂರು, ಪುಣೆ, ಮುಂಬೈಗಳಲ್ಲಿ ನಡೆಯುತ್ತದೆ. ಅದು ಬಳಕೆಗೆ ಬೀಳುವುದು ಇಂಥ ಹೋಬಳಿ ಊರುಗಳಲ್ಲಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ, ಹಾಲಿನ ಸಂಘದ ಫಲಕ, ರಾಜ್ಯೋತ್ಸವದ ಫ್ಲೆಕ್ಸು, ತಿಥಿ ಕಾರ್ಡು, ನಿವೃತ್ತ ಮೇಷ್ಟ್ರಿಗೆ ಕೊಡುವ ಅಭಿನಂದನಾ ಪತ್ರ ಇವೆಲ್ಲ ಹೋಬಳಿ ಮಟ್ಟದ ಡಿಟಿಪಿ ಅಂಗಡಿಯಲ್ಲಿ, ತಾಲ್ಲೂಕು ಕೇಂದ್ರದ ಮುದ್ರಣಾಲಯದಲ್ಲಿ ತಯಾರಾಗುತ್ತವೆ. ಅಕ್ಷರ ಚೆನ್ನಾಗಿದೆಯೇ ಇಲ್ಲವೇ ಎಂಬುದು ಇತ್ಯರ್ಥವಾಗುವುದೂ ಅಲ್ಲೇ.

ಊರ ಹೆಸರಿನಲ್ಲೇ ಒಂದು ಪಾಠ

ದೊಡ್ಡಬೆಳವಂಗಲ ಎಂಬ ಏಳು ಅಕ್ಷರಗಳ ಹೆಸರನ್ನೇ ಮಾದರಿಗೆ ತೆಗೆದುಕೊಂಡರೆ ಕನ್ನಡ ಕೈಬರಹದ ಅರ್ಧ ವ್ಯಾಕರಣ ಕಣ್ಣಿಗೆ ಬೀಳುತ್ತದೆ. ಮೊದಲನೆಯ ‘ದೊ’ ಬರೆಯುವಾಗ ದಕಾರದ ತಲೆಕಟ್ಟು ಹೋಗಿ ಆ ಜಾಗಕ್ಕೆ ಎತ್ವ ಬರುತ್ತದೆ, ಬಲಕ್ಕೆ ಕೊಂಬಿನ ಇಳಿ ಸೇರುತ್ತದೆ. ಬರೆಯುವ ಕೈಗೆ ಇದು ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ವ್ಯಂಜನ ಮತ್ತು ಸ್ವರಚಿಹ್ನೆಗಳ ಜೋಡಣೆ. ಯೂನಿಕೋಡ್ ಸಂಕೇತಪದ್ಧತಿಯ ಲೆಕ್ಕದಲ್ಲಿ ಆ ಸ್ವರಚಿಹ್ನೆಯೂ ಮತ್ತೆ ಎತ್ವ ಮತ್ತು ಕೊಂಬಿನ ಇಳಿ ಎಂದು ಎರಡಾಗಿ ಒಡೆಯುತ್ತದೆ. ಈ ತುಂಡುಗಳನ್ನು ಬೆಸೆದ ಗೆರೆ ಕಾಣದಂತೆ ಕೂಡಿಸುವುದು ಫಾಂಟಿನ ಮೊದಲ ಪರೀಕ್ಷೆ.

ಎರಡನೆಯ ‘ಡ್ಡ’ ಹೆಚ್ಚು ಕಠಿಣ. ಮೇಲಿನ ಡಕಾರಕ್ಕೆ ತಲೆಕಟ್ಟು ಇದೆ, ಕೆಳಗಿನ ಒತ್ತಿಗೆ ಇಲ್ಲ. ಒತ್ತು ಎಷ್ಟು ಚಿಕ್ಕದಿರಬೇಕು, ಎಷ್ಟು ಬಲಕ್ಕೆ ಸರಿಯಬೇಕು, ಅದರ ಗೆರೆಯ ದಪ್ಪ ಮೇಲಿನ ಅಕ್ಷರದಷ್ಟೇ ಇರಬೇಕೋ ಕೊಂಚ ತೆಳುವಾಗಬೇಕೋ? ಮೇಲಿನ ಅಕ್ಷರವನ್ನೇ ಅರ್ಧಕ್ಕೆ ಕುಗ್ಗಿಸಿ ಕೆಳಗೆ ತೂಗುಬಿಟ್ಟರೆ ಗೆರೆಯೂ ಅರ್ಧಕ್ಕೆ ತೆಳುವಾಗಿ ಒತ್ತು ಬಡಕಲಾಗಿ ಕಾಣುತ್ತದೆ. ಕೈಯಲ್ಲಿ ಬರೆಯುವವರು ಲೇಖನಿ ಬದಲಿಸುವುದಿಲ್ಲ. ಅಕ್ಷರ ಚಿಕ್ಕದಾದರೂ ಗೆರೆಯ ದಪ್ಪ ಅಷ್ಟೇ ಉಳಿಯುತ್ತದೆ. ಈ ಒಂದು ಅಂಶದಲ್ಲೇ ಅರ್ಧಂಬರ್ಧ ಫಾಂಟುಗಳು ಸಿಕ್ಕಿಬೀಳುತ್ತವೆ.

‘ಬೆ’ಯಲ್ಲಿ ಎತ್ವವಿದೆ. ಬರಿಯ ಬಕಾರಕ್ಕೆ ಮಾತ್ರ ತಲೆಕಟ್ಟು ಇಲ್ಲ. ಕೊನೆಯ ‘ಲ’ಕ್ಕೂ ಇಲ್ಲ. ‘ವ’ ಮತ್ತು ‘ಗ’ಗಳಿಗೆ ಇದೆ. ಖ, ಙ, ಜ, ಞ, ಟ, ಣ, ಬ, ಲ ಇವು ತಲೆಕಟ್ಟಿಲ್ಲದ ಗುಂಪು. ಹೀಗೆ ತಲೆಕಟ್ಟು ಇರುವ ಮತ್ತು ಇಲ್ಲದ ಅಕ್ಷರಗಳು ಬೆರೆತು ಬರುವುದರಿಂದ ಕನ್ನಡ ಸಾಲಿನ ಮೇಲಂಚಿಗೆ ಒಂದು ಲಯ ಒದಗುತ್ತದೆ. ದೇವನಾಗರಿಯ ಶಿರೋರೇಖೆ ಪದವನ್ನು ಒಂದೇ ಗೆರೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಕನ್ನಡದ ತಲೆಕಟ್ಟು ಆ ಕೆಲಸ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ‘ವಂ’ನ ಸೊನ್ನೆ ತನ್ನ ಪಾಡಿಗೆ ತಾನು ಒಂದು ದುಂಡು ಉಸಿರುದಾಣ. ಕೈಬರಹದ ಫಾಂಟಿನಲ್ಲಿ ಈ ಸೊನ್ನೆ ಪಕ್ಕದ ಅಕ್ಷರಕ್ಕೆ ಅಂಟಿಕೊಂಡರೆ ಓದು ಮುಗ್ಗರಿಸುತ್ತದೆ.

ಕೈಗಳು ನಡೆದು ಬಂದ ಹಾದಿ

ಕನ್ನಡ ಅಕ್ಷರದ ದುಂಡುತನಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ತಾಳೆಗರಿ. ಕಬ್ಬಿಣದ ಮೊನಚು ಲೇಖನಿಯಾದ ಕಂಠದಿಂದ ಗರಿಯ ನಾರಿನ ಗುಂಟ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಬಾಗಿದ ಗೆರೆಗೆ ಆ ಅಪಾಯ ಕಡಿಮೆ. ಕಂಠದ ಮೊನೆಯಿಂದ ಕೊರೆದ ಗೆರೆಗೆ ದಪ್ಪ-ತೆಳು ಎಂಬ ಭೇದವೂ ಇರುವುದಿಲ್ಲ. ಮಸಿ ತಿಕ್ಕಿ ಒರೆಸಿದಾಗ ಎಲ್ಲೆಡೆ ಒಂದೇ ಹದದ ಗೆರೆ ಮೂಡುತ್ತದೆ. ಕನ್ನಡದ ಸೊಗಸು ಮೂಲತಃ ಹೀಗೆ ಸಮ ದಪ್ಪದ ದುಂಡು ಗೆರೆಯ ಸೊಗಸು ಎಂಬುದು ಈ ಲೇಖನದ ಉದ್ದಕ್ಕೂ ನೆನಪಿನಲ್ಲಿರಬೇಕು.

ದೊಡ್ಡಬಳ್ಳಾಪುರ ತಾಲ್ಲೂಕಿಗೆ ಅಕ್ಷರದ ನಂಟು ಬಲು ಹಳೆಯದು. ತಾಲ್ಲೂಕಿನ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾಲಯದವರು 2001 ಮತ್ತು 2004ರಲ್ಲಿ ನಡೆಸಿದ ಉತ್ಖನನದಲ್ಲಿ ಬೌದ್ಧ ನೆಲೆಯೊಂದು ಹೊರಬಂತು. ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳೂ ಅವುಗಳೊಳಗೆ ಅಕ್ಷರಗಳುಳ್ಳ ಮಣ್ಣಿನ ಬಿಲ್ಲೆಗಳೂ ಅಲ್ಲಿ ಸಿಕ್ಕವು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಶಾಸನಗಳಿಗೆ ಪ್ರತ್ಯೇಕ ಭಾಗವಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳ ತ್ರಿಆಯಾಮದ ಸ್ಕ್ಯಾನಿಂಗ್ ಕೈಗೊಂಡಿದೆ. ಶಾಸನಗಳ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ‘ಅಕ್ಷರ ಭಂಡಾರ’ ಎಂಬ ತಂತ್ರಾಂಶವೂ ಆ ಕೆಲಸದ ಫಲ. ಶಾಸನ ಓದುವವರಿಗಾಗಿ ಮಾಡಿದ ಈ ಭಂಡಾರ ಅಚ್ಚಕ್ಷರ ರಚಿಸುವವರಿಗೂ ಚಿನ್ನದ ಗಣಿಯೇ ಸರಿ. ಗಂಗರ ಕಾಲದ ‘ಕ’ ಹೇಗೆ ಬಾಗುತ್ತಿತ್ತು, ವಿಜಯನಗರ ಕಾಲದ ಲಿಪಿಕಾರ ತಲೆಕಟ್ಟನ್ನು ಎಷ್ಟು ಎತ್ತರಕ್ಕೆ ಎಳೆಯುತ್ತಿದ್ದ ಎಂಬುದನ್ನು ಮನೆಯಲ್ಲೇ ಕುಳಿತು ನೋಡಬಹುದು.

ಕಲ್ಲಿನ ಬರಹ ಎಲ್ಲರಿಗೂ ಕಾಣಲೆಂದು ಕಡೆದದ್ದು. ದಿನಬಳಕೆಯ ಓಟದ ಬರಹ ಬೇಕಾದರೆ ಶಾನುಭೋಗರ ಕಡತ ಬಿಚ್ಚಬೇಕು. ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲು ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕವೇ ಕಡತ. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು, ತಪ್ಪಾದರೆ ಒರೆಸಿ ತಿದ್ದುತ್ತಿದ್ದರು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಮೈಸೂರು ಚರಿತ್ರೆಯ ಮೊದಲ ಸಂಪುಟದಲ್ಲಿ ಈ ಕಡತಗಳ ವರ್ಣನೆ ಬರುತ್ತದೆ. ಕಂದಾಯದ ಲೆಕ್ಕ ಬೇಗ ಮುಗಿಯಬೇಕು, ಕೈ ನಿಲ್ಲಬಾರದು. ಆ ಅವಸರದಲ್ಲಿ ಬೆಳೆದದ್ದೇ ಮೋಡಿ ಅಕ್ಷರ. ಶಾಲೆಯಲ್ಲಿ ತಿದ್ದುವಾಗ ಅಕ್ಷರದ ಮೈ ಮೊದಲು, ತಲೆಕಟ್ಟು ಕೊನೆಗೆ. ಮೋಡಿಯಲ್ಲಿ ಆ ತಲೆಕಟ್ಟೇ ಮುಂದಿನ ಅಕ್ಷರಕ್ಕೆ ಹಾಯುವ ಸೇತುವೆಯಾಗುತ್ತದೆ, ಎಷ್ಟೋ ಸಲ ಮಾಯವೇ ಆಗುತ್ತದೆ. ಕನ್ನಡದಲ್ಲಿ ಕೂಡುಬರಹ ಇಲ್ಲ, ಅದು ರೋಮನ್ ಲಿಪಿಯ ಸೊತ್ತು ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನಮ್ಮ ಕೂಡುಬರಹ ಕಡತಗಳಲ್ಲಿ ಮಡಚಿಕೊಂಡು ಕುಳಿತಿದೆ, ಅದನ್ನು ಓದಬಲ್ಲವರು ಮಾತ್ರ ಕಡಿಮೆಯಾಗಿದ್ದಾರೆ.

ಕಲ್ಲಚ್ಚಿನಿಂದ ಅಚ್ಚುಮೊಳೆಗೆ

ಕನ್ನಡದ ಮೊದಲ ಪತ್ರಿಕೆ ಅಚ್ಚಾದದ್ದೇ ಕೈಬರಹದಲ್ಲಿ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಜಿಡ್ಡಿನ ಮಸಿಯಿಂದ ಬರೆದ ಬರಹವನ್ನು ಸುಣ್ಣಕಲ್ಲಿನ ನುಣುಪು ಚಪ್ಪಡಿಗೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ, ಮಸಿಯ ಉರುಳೆ ಓಡಿಸಿದರೆ ಬರೆದ ಜಾಗ ಮಾತ್ರ ಮಸಿ ಹಿಡಿಯುತ್ತದೆ. ಮೊಳೆ ಬೇಕಿಲ್ಲ, ಮೊಳೆ ಜೋಡಿಸುವವರೂ ಬೇಕಿಲ್ಲ, ಒಳ್ಳೆಯ ಕೈಬರಹವಿದ್ದರೆ ಸಾಕು. ಮೋಗ್ಲಿಂಗ್ 1848ರಿಂದ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯ ಹಳಗನ್ನಡ, ನಡುಗನ್ನಡ ಕೃತಿಗಳಿಗೂ ಕಲ್ಲಚ್ಚು ನೆರವಾಯಿತು. ಕಲ್ಲಚ್ಚಿಗೆ ಬರೆದುಕೊಟ್ಟ ಲಿಪಿಕಾರರ ಹೆಸರುಗಳನ್ನು ಪುಸ್ತಕಗಳು ನೆನೆಯುವುದಿಲ್ಲ. ಕನ್ನಡ ಮುದ್ರಣದ ಚರಿತ್ರೆಯಲ್ಲಿ ಅವರಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಎರಕದ ಮೊಳೆ ಅದಕ್ಕೂ ಮೊದಲೇ ಬಂದಿತ್ತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಬಳ್ಳಾರಿ, ಮದರಾಸು, ಬೆಂಗಳೂರು, ಮಂಗಳೂರುಗಳಲ್ಲಿ ಮೊಳೆಗಳು ಸುಧಾರಿಸುತ್ತ ಬಂದವು. 1894ರ ಕಿಟ್ಟೆಲ್ ನಿಘಂಟಿನ ಹೊತ್ತಿಗೆ ಕನ್ನಡದ ಅಚ್ಚಿನ ಮುಖ ಹೆಚ್ಚುಕಡಿಮೆ ನಿಂತಿತ್ತು. ಸೀಸದ ಮೊಳೆ ಕೈಯ ಓಟವನ್ನು ಸಹಿಸುವುದಿಲ್ಲ. ಪ್ರತಿ ಅಕ್ಷರ ತನ್ನ ಚೌಕದೊಳಗೇ ಇರಬೇಕು, ಬಾಲ ಹೊರಚಾಚಿದರೆ ಮುರಿಯುತ್ತದೆ. ಒತ್ತಕ್ಷರಕ್ಕೆ ಬೇರೆ ಮೊಳೆ, ಬೇರೆ ಜೋಡಣೆ. ಹಾಗಾಗಿ ಸೀಸದ ಯುಗದಲ್ಲಿ ಕನ್ನಡಕ್ಕೆ ನಿಜವಾದ ಕೈಬರಹದ ಮೊಳೆ ಬೆಳೆಯಲಿಲ್ಲ. ಅಂದ ಬೇಕಾದ ಕಡೆ ಕಲಾವಿದರಿಂದ ಬರೆಸಿ ಬ್ಲಾಕು ಮಾಡಿಸುತ್ತಿದ್ದರು.

ಹೊರನಾಡುಗಳಲ್ಲಿ

ರೋಮನ್ ಲಿಪಿಗೆ ಕೈಬರಹದ ಮೊಳೆಯ ದಾರಿ ಬೇಗ ತೆರೆಯಿತು. ವೆನಿಸ್‌ನ ಆಲ್ಡಸ್ ಮನೂಶಿಯಸ್ 1501ರಲ್ಲಿ ಬಳಸಿದ ಇಟಾಲಿಕ್ ಆ ಕಾಲದ ವಿದ್ವಾಂಸರ ಓಟದ ಬರಹವನ್ನೇ ಅನುಸರಿಸಿತ್ತು. ಫ್ರಾನ್ಸಿನ ರಾಬರ್ಟ್ ಗ್ರಾಂಜೋನ್ 1557ರಲ್ಲಿ ಸಿವಿಲಿಟೆ ಎಂಬ ಕೈಬರಹದ ಮೊಳೆ ಕೊರೆದ. ಇಪ್ಪತ್ತನೆಯ ಶತಮಾನದಲ್ಲಿ ಬ್ರಷ್ ಸ್ಕ್ರಿಪ್ಟ್, ಮಿಸ್ತ್ರಾಲ್, ಮ್ಯಾಥ್ಯೂ ಕಾರ್ಟರ್ 1965ರಲ್ಲಿ ರೂಪಿಸಿದ ಸ್ನೆಲ್ ರೌಂಡ್‌ಹ್ಯಾಂಡ್, ಎಡ್ವರ್ಡಿಯನ್ ಸ್ಕ್ರಿಪ್ಟ್ ಇವೆಲ್ಲ ಜನಪ್ರಿಯವಾದವು. ಹರ್ಮನ್ ಝಾಫ್‌ನ ಝಾಫಿನೋ 1998ರಲ್ಲಿ ಬಂತು. ಅದರಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪಗಳಿದ್ದು, ನೆರೆಯ ಅಕ್ಷರ ನೋಡಿ ಯಾವುದು ಬೇಕೋ ಅದನ್ನು ಆರಿಸಬಹುದಿತ್ತು. ನಮ್ಮ ಲಗ್ನಪತ್ರಿಕೆಗಳ ಇಂಗ್ಲಿಷ್ ಪುಟದಲ್ಲಿ ಕಾಣುವ ಬಳುಕು ಅಕ್ಷರಗಳು ಬಹುಮಟ್ಟಿಗೆ ಈ ಕುಟುಂಬದವು.

ಕನ್ನಡಕ್ಕೆ ಹೆಚ್ಚು ಪಾಠ ಕಲಿಸುವವು ಮಾತ್ರ ಉರ್ದು ಮತ್ತು ತೆಲುಗು. ಉರ್ದುವಿನ ನಸ್ತಾಲೀಖ್ ಶೈಲಿಯನ್ನು ಮೊಳೆಗೆ ಇಳಿಸಲಾಗದೆ, ಪತ್ರಿಕೆಗಳು ದಶಕಗಳ ಕಾಲ ಕಾತಿಬರೆಂಬ ಲಿಪಿಕಾರರ ಕೈಬರಹವನ್ನೇ ಅಚ್ಚು ಹಾಕಿದವು. ಚೆನ್ನೈನಲ್ಲಿ 1927ರಲ್ಲಿ ಶುರುವಾದ ‘ದಿ ಮುಸಲ್ಮಾನ್’ ಕೈಬರಹದ ದಿನಪತ್ರಿಕೆಯೆಂದೇ ಹೆಸರಾಯಿತು. ಕೊನೆಗೆ ಲಿಪಿಕಾರ ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಕೂಡಕ್ಷರಗಳನ್ನು ಕೈಯಾರೆ ಬರೆದು 1981ರ ನೂರಿ ನಸ್ತಾಲೀಖ್‌ಗೆ ಜೀವ ಕೊಟ್ಟರು. ಕನ್ನಡಕ್ಕೆ ಅಷ್ಟು ಹತ್ತಿರದ ಲಿಪಿಯಾದ ತೆಲುಗಿನಲ್ಲಿ ಚಿತ್ರಕಾರ, ಸಿನಿಮಾ ನಿರ್ದೇಶಕ ಬಾಪು ಅವರ ಕೈಬರಹವೇ ಫಾಂಟಾಗಿ ಮದುವೆ ಕರೆಯೋಲೆಯಿಂದ ಪುಸ್ತಕದ ಹೊದಿಕೆಯವರೆಗೆ ಹಬ್ಬಿತು. ಒಬ್ಬ ವ್ಯಕ್ತಿಯ ಕೈ ಒಂದು ಭಾಷೆಯ ಜನರಿಗೆಲ್ಲ ಸಲ್ಲುವುದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನೆರೆಯಲ್ಲಿ ಇನ್ನೊಂದಿಲ್ಲ.

ಶೀರ್ಷಿಕೆ ಬರೆದವರು, ಫಾಂಟು ಮಾಡಿದವರು

ಕನ್ನಡದಲ್ಲಿ ಕೈಬರಹದ ಸೊಗಸನ್ನು ಓದುಗರಿಗೆ ತಲುಪಿಸಿದ್ದು ಪತ್ರಿಕೆ ಮತ್ತು ಪುಸ್ತಕ. ‘ಪ್ರಜಾವಾಣಿ’, ‘ಸುಧಾ’, ‘ಮಯೂರ’, ‘ಕಸ್ತೂರಿ’, ‘ತರಂಗ’ಗಳ ಕತೆ, ಧಾರಾವಾಹಿಗಳಿಗೆ ಚಿತ್ರ ಬರೆದ ಕಲಾವಿದರೇ ಎಷ್ಟೋ ಸಲ ಶೀರ್ಷಿಕೆಯನ್ನೂ ಬರೆದರು. ಚಿತ್ರದ ಗೆರೆ ಮತ್ತು ಅಕ್ಷರದ ಗೆರೆ ಒಂದೇ ಕೈಯಿಂದ ಬಂದಾಗ ಪುಟಕ್ಕೆ ಬರುವ ಹೊಂದಿಕೆಯೇ ಬೇರೆ. ಕಮಲೇಶ್, ಚಂದ್ರನಾಥ ಆಚಾರ್ಯರಂಥವರ ಕೆಲಸ ಒಂದು ತಲೆಮಾರಿನ ಓದುಗರ ಕಣ್ಣಲ್ಲಿ ನಿಂತಿದೆ. ಇಂದಿನ ಪುಸ್ತಕಗಳಲ್ಲಿ ‘ಅಪಾರ’ ಅವರ ಹೊದಿಕೆಗಳು ಅಕ್ಷರವನ್ನೇ ಚಿತ್ರವಾಗಿಸುವ ದಾರಿ ಹಿಡಿದಿವೆ. ಹಳ್ಳಿ, ಹೋಬಳಿಗಳಲ್ಲಿ ಇದೇ ಕೆಲಸವನ್ನು ಗೋಡೆಬರಹದ ಪೇಂಟರುಗಳು ಮಾಡಿದರು. ಸೀಮೆಸುಣ್ಣದಿಂದ ಎರಡು ಗೆರೆ ಎಳೆದುಕೊಂಡು, ಚಪ್ಪಟೆ ಕುಂಚದ ಒಂದೇ ಬೀಸಿನಲ್ಲಿ ಎತ್ವ ತಿರುವಿ, ಅರ್ಕಾವತ್ತಿನ ಬಾಲವನ್ನು ಬಲಕ್ಕೆ ಹಾರಿಸುತ್ತಿದ್ದ ಕೈಗಳವು. ಫ್ಲೆಕ್ಸು ಬಂದ ಮೇಲೆ ಆ ಕಸುಬು ಸೊರಗಿದೆ.

ಕಂಪ್ಯೂಟರಿನಲ್ಲಿ ಕನ್ನಡದ ಬರಹ ನೆಲೆಗೊಂಡದ್ದು ಹಲವರ ದುಡಿಮೆಯಿಂದ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ 1998ರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಪುಣೆಯ ಮಾಡ್ಯುಲರ್ ಸಂಸ್ಥೆಯ ‘ಶ್ರೀಲಿಪಿ’ ತಂತ್ರಾಂಶಗಳು ಅದರಲ್ಲಿ ಮುಖ್ಯ. ಮುದ್ರಣಾಲಯಗಳಲ್ಲಿ ಇಂದಿಗೂ ಕಾಣುವ ಅಲಂಕಾರಿಕ ಫಾಂಟುಗಳಲ್ಲಿ ಬಹಳಷ್ಟು ಶ್ರೀಲಿಪಿ, ನುಡಿಗಳ ಹಳೆಯ ಸಂಕೇತಪದ್ಧತಿಯವು. ಒಂದು ಕಂಪ್ಯೂಟರಿನಲ್ಲಿ ಚೆಂದವಾಗಿ ಕಂಡ ಲಗ್ನಪತ್ರಿಕೆಯ ಪಠ್ಯ ಇನ್ನೊಂದರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬೀಳುವುದಕ್ಕೆ ಇದೇ ಕಾರಣ. ಯೂನಿಕೋಡ್ ಈ ತೊಡಕನ್ನು ನಿವಾರಿಸಿತು. ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ‘ತುಂಗಾ’ ಫಾಂಟಿನ ಹಿಂದೆ ಇದ್ದವರು ಸ್ವತಃ ದೊಡ್ಡ ಲಿಪಿಕಲಾವಿದರಾದ ಆರ್. ಕೆ. ಜೋಶಿ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಯೂನಿಕೋಡಿನಲ್ಲಿ, ಮುಕ್ತ ಪರವಾನಗಿಯಲ್ಲಿ ಬಂದ ಕೈಬರಹದ ಕನ್ನಡ ಫಾಂಟು ಎಂದರೆ ಮೊದಲು ಹೆಸರಿಸಬೇಕಾದದ್ದು ‘ನವಿಲು’. ‘ಗುಬ್ಬಿ’ ಫಾಂಟನ್ನೂ ರೂಪಿಸಿದ ಅರವಿಂದ ವಿ. ಕೆ. ಅವರ ಕೆಲಸವಿದು. ಡೆಬಿಯನ್ ಲಿನಕ್ಸ್‌ನ ತಂತ್ರಾಂಶ ಪಟ್ಟಿಯಲ್ಲಿ ಇದು ಕನ್ನಡದ ಕೈಬರಹ ಫಾಂಟು ಎಂದೇ ದಾಖಲಾಗಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಳಸಬಹುದು, ತಿದ್ದಬಹುದು. ಗೂಗಲ್ ಫಾಂಟ್ಸ್ ಸಂಗ್ರಹದಲ್ಲಿ ಎಕ್ ಟೈಪ್ ಬಳಗದ ‘ಬಲೂ ತಮ್ಮ’ ಕುಂಚದ ದಪ್ಪ ದುಂಡುತನವನ್ನು ತಂದಿತು. ಎರಿನ್ ಮೆಕ್‌ಲಾಫ್ಲಿನ್ ಅವರ ‘ಹುಬ್ಬಳ್ಳಿ’ ಒಂದೇ ದಪ್ಪದ ಗೆರೆಯ ಸರಳ ಫಾಂಟು. ಕಂಠದ ಗೆರೆಯ ಗುಣಕ್ಕೆ ಇದು ತೀರ ಹತ್ತಿರ. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೋ ಅವರ ‘ಆಕಾಯ ಕನ್ನಡಕ’ ಶೀರ್ಷಿಕೆಗಳಿಗೆಂದು ಮಾಡಿದ ಪ್ರಯೋಗ. ಈ ಕೊನೆಯ ಮೂರು ಕಟ್ಟುನಿಟ್ಟಾಗಿ ಕೈಬರಹದ ಫಾಂಟುಗಳಲ್ಲ, ಆದರೆ ಕೈಯ ಬಿಸುಪು ಇವುಗಳಲ್ಲಿದೆ.

ರಚನೆಯ ತೊಡಕುಗಳು

ಕನ್ನಡದ 34 ವ್ಯಂಜನಗಳಿಗೆ ಎರಡೆರಡರ ಲೆಕ್ಕದಲ್ಲೇ 1156 ಸಂಯುಕ್ತಾಕ್ಷರಗಳು ಸಾಧ್ಯ. ಅವುಗಳಲ್ಲಿ ಬಳಕೆಗೆ ಬರುವವು ಕಡಿಮೆಯೇ. ಮೇಲೆ ಗುಣಿತಾಕ್ಷರಗಳ ಸಾಲು ಸೇರುತ್ತದೆ. ಇವೆಲ್ಲವನ್ನೂ ಬಿಡಿಬಿಡಿಯಾಗಿ ಬರೆಯುವುದರ ಬದಲು ವಿನ್ಯಾಸಕರು ವ್ಯಂಜನದ ಮೈ, ಸ್ವರಚಿಹ್ನೆ, ಒತ್ತು ಎಂದು ತುಂಡುಗಳನ್ನು ಮಾಡಿ, ಯಾವುದು ಎಲ್ಲಿ ಕೂರಬೇಕು ಎಂಬ ನಿಯಮಗಳನ್ನು ಓಪನ್‌ಟೈಪ್ ವಿಧಾನದಲ್ಲಿ ಫಾಂಟಿಗೆ ಸೇರಿಸುತ್ತಾರೆ. ಆ ನಿಯಮಗಳನ್ನು ಓದಿ ಪರದೆಯ ಮೇಲೆ ಅಕ್ಷರ ಕಟ್ಟುವ ಕೆಲಸ ಹಾರ್ಫ್‌ಬಜ್‌ನಂಥ ತಂತ್ರಾಂಶಗಳದ್ದು.

ತುಂಡು ಜೋಡಣೆಯಿಂದ ಕೆಲಸ ಉಳಿಯುತ್ತದೆ, ಕೈಬರಹದ ಭ್ರಮೆ ಒಡೆಯುತ್ತದೆ. ‘ಕನಕ’ ಎಂದು ಯಾರ ಕೈಯಲ್ಲೇ ಬರೆಸಿದರೂ ಎರಡು ಕಕಾರಗಳು ತದ್ವತ್ ಒಂದೇ ಆಗಿರುವುದಿಲ್ಲ. ಫಾಂಟಿನಲ್ಲಿ ಅವು ಒಂದೇ ಅಚ್ಚು. ಹತ್ತಿರ ಹತ್ತಿರ ಬಂದಾಗ ಯಂತ್ರ ಬರೆದದ್ದು ಎಂದು ಕಣ್ಣು ಕೂಡಲೇ ಹಿಡಿಯುತ್ತದೆ. ಹೆಚ್ಚು ಬಳಕೆಯ ಹತ್ತು ಹದಿನೈದು ಅಕ್ಷರಗಳಿಗಾದರೂ ಎರಡು ಮೂರು ರೂಪ ಬರೆದು, ಸರದಿಯಂತೆ ಬದಲಾಗುವ ನಿಯಮ ಇಟ್ಟರೆ ಈ ಕೊರತೆ ನೀಗುತ್ತದೆ. ಇದಕ್ಕೆ ಬೇಕಾದ ತಂತ್ರ ಇದೆ, ಬೇಕಾಗಿರುವುದು ವಿನ್ಯಾಸಕರ ಸಮಯಕ್ಕೆ ಬೆಲೆ ಕಟ್ಟುವವರು.

ಇನ್ನೊಂದು ತೊಡಕು ಹೋಲುವ ಅಕ್ಷರಗಳದ್ದು. ಬೇರೆ ವ್ಯಂಜನಗಳಿಗೆ ಹಚ್ಚುವಂತೆ ವಕಾರಕ್ಕೆ ಕೊಂಬನ್ನು ಪಕ್ಕದಲ್ಲೇ ಹಚ್ಚಿದರೆ ಅದು ‘ಮ’ ಆಗಿಬಿಡುತ್ತದೆ. ಅದಕ್ಕೇ ‘ವು’ ಮತ್ತು ‘ಪು’ಗಳಲ್ಲಿ ಕೊಂಬು ಕೆಳಕ್ಕೆ ಇಳಿಯುತ್ತದೆ. ಕನ್ನಡ ಬಾರದ ವಿನ್ಯಾಸಕರು ಇಲ್ಲಿ ಎಡವುತ್ತಾರೆ. ದ-ಧ, ಡ-ಢ, ಪ-ಫ ಜೋಡಿಗಳಲ್ಲಿ ಮಹಾಪ್ರಾಣವನ್ನು ಗುರುತಿಸುವುದು ಕೆಳಗಿನ ಒಂದು ಪುಟ್ಟ ಗೀಟು. ಅಲಂಕಾರಕ್ಕೆಂದು ಅಕ್ಷರದ ಬುಡಕ್ಕೆ ಬಾಲ ಹಚ್ಚಿದರೆ ಈ ಗೀಟು ಕಳೆದುಹೋಗಿ ‘ಧನ’ ‘ದನ’ವಾಗುತ್ತದೆ. ಲಗ್ನಪತ್ರಿಕೆಯಲ್ಲಿ ಹೀಗಾದರೆ ನೆಂಟರು ಮರೆಯುವುದಿಲ್ಲ.

ದಪ್ಪ-ತೆಳು ಗೆರೆಯ ಪ್ರಶ್ನೆಯೂ ಇದೆ. ಇಂಗ್ಲಿಷಿನ ಬಳುಕು ಬರಹ ಮೊನಚು ನಿಬ್ಬಿನದ್ದು. ಕೆಳಗೆ ಎಳೆದಾಗ ದಪ್ಪ, ಮೇಲೆ ಎತ್ತಿದಾಗ ತೆಳು. ಅದರ ಓರೆಯನ್ನೂ ದಪ್ಪ-ತೆಳುವನ್ನೂ ಹಾಗೆಯೇ ತಂದು ಕನ್ನಡಕ್ಕೆ ಹೊದಿಸಿದ ಫಾಂಟುಗಳು ಬೇಕಾದಷ್ಟಿವೆ. ಅವುಗಳಲ್ಲಿ ನಮ್ಮ ದುಂಡು ಅಕ್ಷರ ಒಂದು ಪಕ್ಕಕ್ಕೆ ಒರಗಿ, ತೆಳು ಗೆರೆಗಳು ಚಿಕ್ಕ ಗಾತ್ರದಲ್ಲಿ ಮಾಯವಾಗಿ, ಒತ್ತುಗಳು ಸಾಲಿನಿಂದ ಜಾರಿದಂತೆ ಕಾಣುತ್ತವೆ. ಕಂಪ್ಯೂಟರಿನ ಓರೆ ಗುಂಡಿ ಒತ್ತಿ ಕನ್ನಡವನ್ನು ವಾಲಿಸುವುದಂತೂ ಸಲ್ಲದು. ಅದರಿಂದ ಸೊನ್ನೆ ಮೊಟ್ಟೆಯಾಗುತ್ತದೆ, ತಲೆಕಟ್ಟು ಸೊಟ್ಟಗಾಗುತ್ತದೆ. ಕನ್ನಡದ್ದೇ ಆದ ಚಾಚುಗಳು ಬೇಕಾದಷ್ಟಿವೆ: ಅರ್ಕಾವತ್ತಿನ ಬಾಲ, ದೀರ್ಘದ ಕೊನೆ, ಐತ್ವದ ಸುರುಳಿ, ವಟ್ರಸುಳಿಯ ತಿರುವು. ಅಲಂಕಾರ ಅಲ್ಲಿಂದ ಹುಟ್ಟಬೇಕು.

ಬಳಕೆ

ದೊಡ್ಡಬೆಳವಂಗಲದ ಸುತ್ತಿನಲ್ಲಿ ಕೈಬರಹ ಫಾಂಟಿನ ಮೊದಲ ಬಳಕೆ ಲಗ್ನಪತ್ರಿಕೆಯೇ. ಮೇಲ್ತುದಿಯಲ್ಲಿ ಮನೆದೇವರ ಹೆಸರು ಇರಲೇಬೇಕು. ತಾಲ್ಲೂಕಿನ ಹೆಸರಾಂತ ಕ್ಷೇತ್ರ ಘಾಟಿಯ ಒಕ್ಕಲಾದರೆ ‘ಶ್ರೀ ಘಾಟಿ ಸುಬ್ರಹ್ಮಣ್ಯಸ್ವಾಮಿ ಪ್ರಸನ್ನ’ ಎಂಬ ಸಾಲು. ಈ ಒಂದು ಸಾಲಿನ 12 ಅಕ್ಷರಗಳಲ್ಲಿ 7ಕ್ಕೆ ಒತ್ತು ಇದೆ, ಅದರಲ್ಲೂ ‘ಬ್ರ’, ‘ಹ್ಮ’, ‘ಣ್ಯ’ ಮೂರೂ ಸಾಲಾಗಿ ಬರುತ್ತವೆ. ರಕಾರದ ಒತ್ತು ತನ್ನ ಬಾಲವನ್ನು ಎಳೆದರೆ ಪಕ್ಕದ ಮಕಾರದ ಒತ್ತಿಗೆ ತಾಗುತ್ತದೆ, ಯಕಾರದ ಒತ್ತು ಬಲಕ್ಕೆ ಹೊರಳಿದರೆ ‘ಸ್ವಾ’ದ ಒತ್ತಿನ ಜಾಗ ನುಂಗುತ್ತದೆ. ಇಲ್ಲಿ ಗೆದ್ದ ಫಾಂಟು ಬೇರೆಲ್ಲೂ ಸೋಲುವುದಿಲ್ಲ. ವಧೂವರರ ಹೆಸರುಗಳನ್ನು ಇದೇ ಅಕ್ಷರದಲ್ಲಿ ದೊಡ್ಡದಾಗಿ ಕೊಡಬಹುದು. ಮುಹೂರ್ತ, ಛತ್ರದ ವಿಳಾಸ, ಬಸ್ಸಿನ ದಾರಿ, ‘ತಮ್ಮ ಆಗಮನಾಭಿಲಾಷಿಗಳು’ ಎಂಬ ಉದ್ದನೆಯ ಪಟ್ಟಿ ಇವು ಸಾದಾ ಅಚ್ಚಕ್ಷರದಲ್ಲೇ ಇರಬೇಕು. ಹಿರಿಯರು ಕನ್ನಡಕ ಹುಡುಕದೆ ಓದುವಂತಿರುವುದು ಅಲಂಕಾರಕ್ಕಿಂತ ದೊಡ್ಡ ಮರ್ಯಾದೆ.

ದೊಡ್ಡಬಳ್ಳಾಪುರ ರೇಷ್ಮೆ ನೇಯ್ಗೆಯ ಪಟ್ಟಣ. ಸೀರೆಯ ಪೆಟ್ಟಿಗೆ, ಅಂಗಡಿಯ ಚೀಲ, ಬೆಲೆಚೀಟಿಗಳ ಮೇಲೆ ಕೈಬರಹದ ಕನ್ನಡ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಇಂಗ್ಲಿಷ್ ಬಳುಕು ಬರಹವೇ ಜಾಗ ಹಿಡಿದಿರುವುದು ನಮ್ಮ ಫಾಂಟುಗಳ ಬಡತನದ ಗುರುತು. ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಆ ಬಳಿಕ ಫಲಕಗಳಲ್ಲಿ ಕನ್ನಡದ ಗಾತ್ರ ಹಿಗ್ಗಿತು, ಅಂದ ಅದೇ ಪ್ರಮಾಣದಲ್ಲಿ ಹಿಗ್ಗಲಿಲ್ಲ. ಒಂದೇ ಫಾಂಟನ್ನು ಅಡ್ಡಡ್ಡ ಎಳೆದು ಜಾಗ ತುಂಬಿಸಿದ ಫಲಕಗಳೇ ಹೆಚ್ಚು. ಬೇಕರಿ, ಹೂವಿನಂಗಡಿ, ಬಟ್ಟೆ ಅಂಗಡಿ, ಕಲ್ಯಾಣಮಂಟಪಗಳಿಗೆ ದಪ್ಪ ಗೆರೆಯ ಕೈಬರಹ ಸಲ್ಲುತ್ತದೆ. ಔಷಧಿ ಅಂಗಡಿ, ಆಸ್ಪತ್ರೆ, ಬಸ್ಸಿನ ಫಲಕ, ಅಪಾಯದ ಸೂಚನೆ, ಅರ್ಜಿ ನಮೂನೆ, ಪಠ್ಯಪುಸ್ತಕಗಳಿಗೆ ಸಲ್ಲದು.

ಪುಸ್ತಕದ ಹೊದಿಕೆ, ಕವನ ಸಂಕಲನದ ಶೀರ್ಷಿಕೆ, ಅಭಿನಂದನಾ ಪತ್ರ, ಶಾಲೆಯ ಪ್ರಮಾಣಪತ್ರ, ನಾಟಕದ ಭಿತ್ತಿಪತ್ರ, ಮಕ್ಕಳ ಚಿತ್ರಕತೆಯ ಮಾತುಗುಳ್ಳೆ ಇವೆಲ್ಲ ಇದರ ಸಹಜ ನೆಲೆಗಳು. ಒಂದು ಪುಟದಲ್ಲಿ ಒಂದೇ ಕೈಬರಹ ಫಾಂಟು ಸಾಕು. ಅದರ ಜೊತೆಗೆ ಬರುವ ಪಠ್ಯಕ್ಕೆ ನೋಟೋ, ತಿರೋ ಕನ್ನಡದಂಥ ಶಾಂತ ಅಕ್ಷರ ಹಿಡಿಸುತ್ತದೆ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿನ ಅಳತೆಗೆ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಕೈಬರಹದ ಕನ್ನಡಕ್ಕೆ ಅಕ್ಷರದ ಗಾತ್ರದ ಒಂದೂವರೆಪಟ್ಟಿಗೆ ಕಡಿಮೆಯಿಲ್ಲದ ಅಂತರ ಬೇಕು.

ಫಾಂಟು ಕೊಳ್ಳುವ ಅಥವಾ ಇಳಿಸಿಕೊಳ್ಳುವ ಮುನ್ನ ‘ಸ್ತ್ರೀ’, ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಅರ್ಘ್ಯ’, ‘ಲಕ್ಷ್ಮಿ’, ‘ಜ್ಞಾನ’, ‘ಹೂವು’, ‘ಧೃತಿ’ ಎಂಬ ಪದಗಳನ್ನೂ ನಿಮ್ಮ ಊರಿನ ಹೆಸರನ್ನೂ ಬೆರಳಚ್ಚಿಸಿ ನೋಡಿ. ಎರಡಂತಸ್ತಿನ ಒತ್ತು, ಅರ್ಕಾವತ್ತು, ಇಳಿದ ಕೊಂಬು, ವಟ್ರಸುಳಿ ಎಲ್ಲವೂ ಅಲ್ಲೇ ತಿಳಿಯುತ್ತವೆ. ಮನೆಯ ಅಟ್ಟದಲ್ಲಿ ಶಾನುಭೋಗಿಕೆಯ ಕಾಲದ ಕಡತವೋ, ಹಿರಿಯರ ಕೈಬರಹದ ಹಾಡಿನ ಪುಸ್ತಕವೋ, ಹಳೆಯ ಪೇಂಟರೊಬ್ಬರ ಅಕ್ಷರಮಾಲೆಯ ಹಾಳೆಯೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಒಳ್ಳೆಯ ಬೆಳಕಿನಲ್ಲಿ ಒಂದೊಂದು ಪುಟದ ಚಿತ್ರ ತೆಗೆದಿಟ್ಟು, ಅಕ್ಷರದ ಕೆಲಸ ಮಾಡುವವರಿಗೆ ತಲುಪಿಸಿ.